ನೀರಿನಲ್ಲಿ ಕರಗದ ವಸ್ತುಗಳಿಗೆ ನೀರೇ ಸಾಲ್ವೆಂಟ್ ಆಗುವುದು ಹೇಗೆ?

ಎಣ್ಣೆ, ನೀರು ಬೆರೆಯುವುದಿಲ್ಲ. ಹಾಗಿದ್ದ ಮೇಲೆ ಕಾರ್ಬನ್ ಇರುವ ವಸ್ತುಗಳ, ಅಂದರೆ ಆರ್ಗ್ಯಾನಿಕ್ ರಿಯಾಕ್ಷನ್‌ಗೆ ನೀರನ್ನು ಸಾಲ್ವೆಂಟ್ (ರಿಯಾಕ್ಷನ್ ನಡೆಯುವ ದ್ರವ) ಆಗಿ ಬಳಸುವುದು ಹೇಗೆ, ಅದು ನಿಜವಾಗಿಯೂ ಪರಿಸರಕ್ಕೆ ಒಳ್ಳೆಯದಾ ಎಂದು ಕೇಳಿದ್ದೀರಿ. ಎಂಎಸ್ಸಿ ಓದುವಾಗ ನನಗೂ ಇದೇ ಅನುಮಾನ ಇತ್ತು. ಲ್ಯಾಬಿನಲ್ಲಿ ಒಂದು ಫ್ಲಾಸ್ಕ್ ನೋಡಿದ ಮೇಲೆ ಹೋಯಿತು.

ಅದು ಡೀಲ್ಸ್-ಆಲ್ಡರ್ ರಿಯಾಕ್ಷನ್, ಅಂದರೆ ಎರಡು ಅಣುಗಳು ಕೂಡಿ ಉಂಗುರ ಕಟ್ಟಿಕೊಳ್ಳುವ ರಿಯಾಕ್ಷನ್. ಆಂಥ್ರಸೀನ್ ಮೆಥನಾಲ್‌ನ ಹಳದಿ ಪುಡಿಯನ್ನು ನೀರಿಗೆ ಹಾಕಿದರೆ ಸುಮ್ನೆ ಮೇಲೆ ತೇಲುತ್ತಿತ್ತು. ಮೀಥೈಲ್ ಮ್ಯಾಲಿಮೈಡ್ ಸೇರಿಸಿ, ಜೋರಾಗಿ ಕಲಕುತ್ತಾ ಕುದಿಸಿದೆವು. ಒಂದೂವರೆ ಗಂಟೆಯಲ್ಲಿ ಹಳದಿ ಬಣ್ಣ ಹೋಗಿ ಬಿಳಿ ಪುಡಿ ಉಳಿಯಿತು. ತಣಿಸಿ, ಸೋಸಿ, ಒಣಗಿಸಿದೆವು. ಆ ಹಳದಿ ಪುಡಿ ಪೂರ್ತಿ ಕರಗಿದ್ದನ್ನು ನಾನು ಕೊನೆವರೆಗೂ ನೋಡಲೇ ಇಲ್ಲ!

ಕರಗಲೇಬೇಕು ಎಂದೇನಿಲ್ಲ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಎಣ್ಣೆಯಂಥ ಅಣುಗಳು ನಡುವೆ ಬಂದರೆ ಅವನ್ನೆಲ್ಲ ಒಂದು ಕಡೆಗೆ ಒತ್ತರಿಸುತ್ತವೆ. ಒತ್ತಿಕೊಂಡವು ಬೇಗ ಕೂಡಿಕೊಳ್ಳುತ್ತವೆ. 1980ರಲ್ಲಿ ರೈಡೌಟ್ ಮತ್ತು ಬ್ರೆಸ್ಲೋ ಒಂದು ಡೀಲ್ಸ್-ಆಲ್ಡರ್ ರಿಯಾಕ್ಷನ್ ಎಣ್ಣೆಯಂಥ ದ್ರವವಾದ ಐಸೋಆಕ್ಟೇನ್‌ಗಿಂತ ನೀರಿನಲ್ಲಿ ಸುಮಾರು 700 ಪಟ್ಟು ವೇಗವಾಗಿ ನಡೆಯುವುದನ್ನು ತೋರಿಸಿದರು. 2005ರಲ್ಲಿ ಶಾರ್ಪ್‌ಲೆಸ್ ತಂಡ ಇನ್ನೂ ಮುಂದೆ ಹೋಯಿತು. ಕ್ವಾಡ್ರಿಸೈಕ್ಲೇನ್ ಎಂಬ ಎಣ್ಣೆಯಂಥ ವಸ್ತುವಿನ ಒಂದು ರಿಯಾಕ್ಷನ್‌ಗೆ ಟಾಲುಯೀನ್ ಎಂಬ ಮಾಮೂಲಿ ಸಾಲ್ವೆಂಟ್‌ನಲ್ಲಿ ಐದು ದಿನ ಬೇಕಿತ್ತು. ನೀರಿನ ಮೇಲೆ ತೇಲಿಬಿಟ್ಟು ಕಲಕಿದಾಗ ಹತ್ತೇ ನಿಮಿಷ. ನೀರಿನ ಅಂಚಿನಲ್ಲಿರುವ ಕೆಲವು ಓಎಚ್ (ಆಕ್ಸಿಜನ್-ಹೈಡ್ರೋಜನ್) ಕೈಗಳು ಯಾವುದನ್ನೂ ಹಿಡಿಯದೆ ಖಾಲಿ ಇರುತ್ತವೆ, ಅವೇ ಆ ಎಣ್ಣೆಯ ಅಣುಗಳಿಗೆ ಆಸರೆ ಕೊಟ್ಟು ರಿಯಾಕ್ಷನ್ ಸುಲಭ ಮಾಡುತ್ತವೆ ಎಂದು 2007ರಲ್ಲಿ ಜಂಗ್ ಮತ್ತು ಮಾರ್ಕಸ್ ವಿವರಿಸಿದರು. ಅದಕ್ಕೇ ಕಲಕುವುದು ಇಷ್ಟು ಮುಖ್ಯ. ಹನಿ ಚಿಕ್ಕದಾದಷ್ಟೂ ಅಂಚು ಜಾಸ್ತಿ.

ಇನ್ನು ಎರಡನೇ ಪ್ರಶ್ನೆ, ಪರಿಸರಕ್ಕೆ ಒಳ್ಳೆಯದಾ ಎಂಬುದು. ರಿಯಾಕ್ಷನ್ ನೀರಿನಲ್ಲಿ ಮಾಡಿ, ಆಮೇಲೆ ಪ್ರಾಡಕ್ಟ್ ತೆಗೆಯಲು ಮೂರು ಸಲ ಈಥೈಲ್ ಅಸಿಟೇಟ್ ಎಂಬ ಸಾಲ್ವೆಂಟ್ ಸುರಿದರೆ ಉಳಿಸಿದ್ದೇನು? ಉಳಿದ ನೀರಿನಲ್ಲೂ ಕೆಮಿಕಲ್ ಇರುತ್ತದೆ, ಸಿಂಕಿಗೆ ಬಿಡುವ ಹಾಗಿಲ್ಲ. ಅದನ್ನು ಆವಿ ಮಾಡೋಣವೆಂದರೆ ಕಿಲೋಗೆ ಸುಮಾರು 2,260 ಕಿಲೋಜೂಲ್ ಶಾಖ ಬೇಕು, ಟಾಲುಯೀನ್‌ಗೆ ಬೇಕಾದುದರ ಸುಮಾರು ಆರು ಪಟ್ಟು. ಹಾಗಾಗಿ ಪ್ರಾಡಕ್ಟ್ ಹೊರಗೆ ಬರುವ ದಾರಿಯನ್ನೇ ನಾನು ಮೊದಲು ನೋಡುತ್ತೇನೆ. ಪುಡಿಯಾಗಿ ಬಿದ್ದರೆ ಸೋಸಿದರೆ ಸಾಕು, ಎಣ್ಣೆಯಾಗಿ ತೇಲಿದರೆ ಬೇರ್ಪಡಿಸಬಹುದು. ಜರ್ಮನಿಯ ಓಬರ್‌ಹೌಸೆನ್‌ನಲ್ಲಿ 1984ರಲ್ಲಿ ಶುರುವಾದ ಬ್ಯುಟಿರಾಲ್ಡಿಹೈಡ್ (butanal) ಎಂಬ ಆಲ್ಡಿಹೈಡ್ ಕೆಮಿಕಲ್ ತಯಾರಿಕೆ ಹೀಗೆಯೇ ನಡೆಯುತ್ತದೆ. ಆಲ್ಡಿಹೈಡ್ ಮೇಲೆ ತೇಲಿ ಬೇರೆಯಾಗುತ್ತದೆ. ರಿಯಾಕ್ಷನ್ ವೇಗ ಹೆಚ್ಚಿಸುವ ದುಬಾರಿ ರೋಡಿಯಂ ಕ್ಯಾಟಲಿಸ್ಟ್ ಕೆಳಗಿನ ನೀರಿನಲ್ಲೇ ಉಳಿದು, ಆ ನೀರಿನ ಜೊತೆಗೇ ಮತ್ತೆ ರಿಯಾಕ್ಟರ್‌ಗೆ ಹೋಗುತ್ತದೆ.