ಕಡಲ ವಿಜ್ಞಾನಕ್ಕೆ ದಾವಣಗೆರೆಯಿಂದ ದಾರಿ

ಹರಿಹರದ ಓದುಗರೊಬ್ಬರ ಪತ್ರ: ಮಗಳು ದ್ವಿತೀಯ ಪಿಯುಸಿ, ಪಿಸಿಎಂಬಿ. ಸಮುದ್ರ ವಿಜ್ಞಾನವನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ನೆಂಟರು ಮರೈನ್ ಎಂಜಿನಿಯರಿಂಗ್‌ಗೆ ಸೇರಿಸಿ ಎನ್ನುತ್ತಿದ್ದಾರೆ. ಈಗಲೇ ಕರಾವಳಿಗೆ ಕಳಿಸಬೇಕೇ? ದಾವಣಗೆರೆಯಲ್ಲಿ ಬಿ.ಎಸ್ಸಿ. ಮಾಡಿದರೆ ಹಿಂದೆ ಬೀಳುತ್ತಾಳೆಯೇ?

ಮಾನ್ಯರೇ,

ಮೊದಲು ನೆಂಟರ ಮಾತು. ಮರೈನ್ ಎಂಜಿನಿಯರಿಂಗ್ ಎಂದರೆ ಹಡಗಿನ ಎಂಜಿನ್, ಪಂಪು, ಬಾಯ್ಲರ್‌ಗಳನ್ನು ನೋಡಿಕೊಳ್ಳುವ ವಿದ್ಯೆ. ಒಳ್ಳೆಯ ಉದ್ಯೋಗವೇ, ಆದರೆ ನಿಮ್ಮ ಮಗಳು ಕೇಳುತ್ತಿರುವುದು ಅದನ್ನಲ್ಲ.

ದಾವಣಗೆರೆಯಲ್ಲಿ ಓದಿದರೆ ಅವಳು ಹಿಂದೆ ಬೀಳುವುದಿಲ್ಲ. ಸಮುದ್ರ ವಿಜ್ಞಾನ ಒಂಟಿ ವಿಷಯವಲ್ಲ. ಭೌತ, ರಸಾಯನ, ಜೀವ, ಭೂವಿಜ್ಞಾನ ನಾಲ್ಕೂ ಅದರಲ್ಲಿ ಸೇರಿವೆ. ಇವುಗಳಲ್ಲೊಂದನ್ನು ಬಿ.ಎಸ್ಸಿ.ಯಲ್ಲಿ ಗಟ್ಟಿ ಮಾಡಿಕೊಂಡು, ಎಂ.ಎಸ್ಸಿ.ಗೆ ಕಡಲ ಕಡೆ ಹೊರಳುವುದೇ ಒಳ್ಳೆಯದೆಂಬುದು ನಮ್ಮ ಖಚಿತ ಅಭಿಪ್ರಾಯ.

ಯಾವ ವಿಷಯ ಎಂಬುದನ್ನು ಅವಳ ಆಸಕ್ತಿಯೇ ಹೇಳಬೇಕು. ಜೀವಿಗಳ ಮೇಲೆ ಮನಸ್ಸಿದ್ದರೆ ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರ. ಮುಂದಕ್ಕೆ ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಅಲೆ, ಪ್ರವಾಹ, ಮುಂಗಾರು ಸೆಳೆಯುತ್ತಿದ್ದರೆ ಭೌತಶಾಸ್ತ್ರ ಮತ್ತು ಗಣಿತ, ಆಮೇಲೆ ಕೊಚ್ಚಿಯ ಕುಸಾಟ್ (ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ). ಸುನಾಮಿ ಎಚ್ಚರಿಕೆ ಕೊಡುವ, ಮೀನು ಎಲ್ಲಿ ಸಿಗಬಹುದೆಂದು ಮೀನುಗಾರರಿಗೆ ತಿಳಿಸುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಗೆ ಬೇಕಾದ ಓದು ಇದು. ಕಡಲತಳದ ಶಿಲೆ, ಮರಳು ಎಂದರೆ ಭೂವಿಜ್ಞಾನ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನದ ವಿಭಾಗವೇ ಇದೆ. ಇದಕ್ಕೆ ಪೀಠಿಕೆ ನಿಮ್ಮ ನೆರೆಜಿಲ್ಲೆಯಲ್ಲೇ ಸಿಗುತ್ತದೆ: ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒತ್ತೊತ್ತಾಗಿ ಪೇರಿಸಿದಂತಿರುವ ಲಾವಾ ಶಿಲೆಗಳಿವೆ. ಲಾವಾ ನೀರಿನಡಿಯಲ್ಲಿ ಉಕ್ಕಿ, ಹೊರಮೈ ತಟ್ಟನೆ ತಣಿದಾಗ ಮಾತ್ರ ಈ ಆಕಾರ ಬರುತ್ತದೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಒಂದು ಭಾನುವಾರ ಕರೆದುಕೊಂಡು ಹೋಗಿ.

ಯಾವುದನ್ನೇ ಆರಿಸಿಕೊಂಡರೂ ಗಣಿತವನ್ನು ಪೂರ್ತಿ ಬಿಡಬಾರದು. ಜೀವಶಾಸ್ತ್ರದ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ. ಕಡಲಿನ ಸಂಶೋಧಕರ ದಿನ ಬಹುಪಾಲು ಕಳೆಯುವುದು ನೀರಿನಲ್ಲಲ್ಲ, ಅಂಕಿಅಂಶಗಳ ಮುಂದೆ. ಸಂಖ್ಯಾಶಾಸ್ತ್ರ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಎರಡನ್ನೂ ಪದವಿಯಲ್ಲಿರುವಾಗಲೇ ಕಲಿಯಲಿ. ಕಾಂಬಿನೇಷನ್ ಬರೆಸುವ ಮುನ್ನ, ಗುರಿಯಿಟ್ಟ ಎಂ.ಎಸ್ಸಿ.ಯ ಪ್ರವೇಶ ಅರ್ಹತೆಯನ್ನು ಓದಿ. ಮೂರು ವರ್ಷವಾದ ಮೇಲೆ 'ಈ ವಿಷಯ ಇಲ್ಲ' ಎಂದು ಅರ್ಜಿ ವಾಪಸಾದರೆ ಮಾಡುವುದೇನೂ ಉಳಿಯುವುದಿಲ್ಲ.

ಇನ್ನು ಕೈಯಾರೆ ಮಾಡಿ ಕಲಿಯುವ ಕೆಲಸ. ಅದಕ್ಕೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಸಾಕು. ತಿಂಗಳಿಗೊಮ್ಮೆ, ಅದೇ ಜಾಗ, ಅದೇ ಹೊತ್ತು: ನೀರಿನ ಉಷ್ಣಾಂಶ, ಪಿಎಚ್ (ಆಮ್ಲ-ಕ್ಷಾರದ ಮಟ್ಟ), ಕರಗಿದ ಆಮ್ಲಜನಕ ಅಳೆಯಲಿ. ಹೊತ್ತು ಬದಲಾದರೆ ಅಂಕಿ ಹೋಲಿಸಲು ಬಾರದು, ಏಕೆಂದರೆ ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತಾ ಹೋಗಿ ಮಧ್ಯಾಹ್ನಕ್ಕೆ ಪ್ರಮಾಣ ಏರಿರುತ್ತದೆ. ಆಮ್ಲಜನಕಕ್ಕೆ ವಿಂಕ್ಲರ್ ವಿಧಾನ, ಅಂದರೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ರಾಸಾಯನಿಕಗಳಿಂದ ಅಳೆಯುವ ಕ್ರಮ. ಬಾಟಲಿಯನ್ನು ನೀರೊಳಗೇ ತುಂಬಿಸಿ ಮುಚ್ಚಬೇಕು. ಒಂದು ಗುಳ್ಳೆ ಉಳಿದರೂ ಗಾಳಿಯ ಆಮ್ಲಜನಕ ಸೇರಿ ಫಲಿತಾಂಶ ಕೆಡುತ್ತದೆ. ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೊಡೈಡ್ ಹಾಕಿದಾಗ ಕಂದು ಗಷ್ಟು ಕೂರಬೇಕು. ಬಿಳಿಯಾಗಿಯೇ ಉಳಿದರೆ ಆಮ್ಲಜನಕ ಇಲ್ಲವೆಂದೇ ಅರ್ಥ. ಆಮ್ಲ ಹಾಕಿ ಗಷ್ಟು ಕರಗಿಸಿ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡುವಾಗ, ಬಣ್ಣ ತೆಳು ಹಳದಿಗೆ ಇಳಿದ ಮೇಲೆಯೇ ಸ್ಟಾರ್ಚ್ ಹಾಕಲಿ. ಮುಂಚೆಯೇ ಹಾಕಿದರೆ ಅಯೊಡಿನ್ ಸ್ಟಾರ್ಚಿಗೆ ಅಂಟಿಕೊಂಡು ಅಂತ್ಯಬಿಂದು ಮಸುಕಾಗುತ್ತದೆ. ರಾಸಾಯನಿಕಗಳನ್ನು ಕಾಲೇಜಿನ ಲ್ಯಾಬಿನವರೇ ಕೊಡಬೇಕು, ಉಪನ್ಯಾಸಕರ ಕಣ್ಣೆದುರೇ ಕೆಲಸ ನಡೆಯಬೇಕು. ಸಂಶೋಧನಾ ಹಡಗುಗಳಲ್ಲೂ ಆಮ್ಲಜನಕ ಅಳೆಯುವ ಸಂವೇದಕಗಳನ್ನು ತಾಳೆ ನೋಡುವುದು ಇದೇ ವಿಧಾನದಿಂದ. ವರ್ಷವಿಡೀ ತಪ್ಪದೆ ಬರೆದ ಇಂಥ ದಾಖಲೆ ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಹೆಚ್ಚು ಮಾತಾಡುತ್ತದೆ.

ಎಂ.ಎಸ್ಸಿ. ಆದಮೇಲೆ ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಪಡೆದು, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಂಥ ಕಡೆ ಪಿಎಚ್.ಡಿ. ಮಾಡಬಹುದು. ಕಾಯಂ ಹುದ್ದೆಗಳು ಕಡಿಮೆ, ಪೈಪೋಟಿ ಹೆಚ್ಚು. ಇದನ್ನು ಮಗಳಿಗೆ ಮುಚ್ಚಿಡಬೇಡಿ.

ಪಿಯುಸಿಯಿಂದ ನೇರವಾಗಿ ಕರಾವಳಿಗೇ ಹೋಗುವುದಾದರೆ ಮಂಗಳೂರಿನ ಮೀನುಗಾರಿಕೆ ಕಾಲೇಜು ಇದೆ. ಬಿ.ಎಫ್.ಎಸ್ಸಿ. (ಮೀನುಗಾರಿಕೆ ವಿಜ್ಞಾನದ ಪದವಿ) ನಾಲ್ಕು ವರ್ಷ, ಪ್ರವೇಶ ಸಿಇಟಿ ಮೂಲಕ. ಮೀನು ಸಾಕಣೆ, ಸಂಸ್ಕರಣೆಗಳಿಗೆ ಅಲ್ಲಿ ಒತ್ತು ಹೆಚ್ಚು, ಉದ್ಯೋಗವೂ ಬೇಗ. ನಿಮ್ಮದು ಕೃಷಿಕ ಕುಟುಂಬವಾಗಿದ್ದರೆ ಸಿಇಟಿ ಅರ್ಜಿಯಲ್ಲಿ ಕೃಷಿಕರ ಕೋಟಾದ ಕಲಂ ಮರೆಯದೆ ತುಂಬಿ, ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಡಿ. ಆ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ ಇರುತ್ತದೆ.