ಕೋಳಿ ಮಂಕಾಗಿದೆ, ಯಾವ ಮಾತ್ರೆ ಕೊಡಲಿ?

ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ, ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಹುಂಜ ಇಲ್ಲದೆ ಹೇಂಟೆ ಮೊಟ್ಟೆ ಇಡುತ್ತಾ ಹೋದರೆ ಅದರ ಆರೋಗ್ಯ ಕೆಡುತ್ತದಾ?

ಇಲ್ಲ. ಮರಿ ಬೇಕು ಅಂದರೆ ಮಾತ್ರ ಹುಂಜ ಬೇಕು.

ಪ್ರಶ್ನೆ: ಹಿತ್ತಲಲ್ಲಿ ಆರು ಹೇಂಟೆಗಳಿವೆ. ಎರಡು ವರ್ಷದ ಒಂದು ಹೇಂಟೆ ಮೂರು ದಿನದಿಂದ ಮಂಕಾಗಿದೆ. ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ನಿಂತಿರುತ್ತದೆ. ಮೊಟ್ಟೆ ಇಟ್ಟಿಲ್ಲ. ಹಿಕ್ಕೆ ಹಸಿರಾಗಿದೆ. ಮುಟ್ಟಿದರೆ ಮೈ ಸುಡುತ್ತದೆ, ಜ್ವರ ಇರಬೇಕು. ಯಾವ ಆಂಟಿಬಯೋಟಿಕ್ ಎಷ್ಟು ಕೊಡಲಿ?

ಔಷಧಿಯ ಹೆಸರು ಹೇಳುವುದಿಲ್ಲ. ಮಂಕಾಗಿದೆ ಅನ್ನುವುದು ರೋಗದ ಹೆಸರಲ್ಲ. ಹೊಟ್ಟೆ ಕೆಟ್ಟರೂ ಕೋಳಿ ಹಾಗೇ ನಿಲ್ಲುತ್ತದೆ, ಮೊಟ್ಟೆ ಅಡ್ಡಗಟ್ಟಿದರೂ ಹಾಗೇ, ನುಸಿ ರಕ್ತ ಹೀರಿದರೂ ಹಾಗೇ. ಕೈಗೆತ್ತಿಕೊಂಡು ನೋಡದೆ ಔಷಧಿ ಕೇಳುವ ಪತ್ರ ಬಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನೀವು ಆರು ಸಾಲು ಬರೆದಿದ್ದೀರಿ. ಒಂದು ಸಾಲಿನಲ್ಲೂ ಕೋಳಿಯ ಹೊಟ್ಟೆ ಮುಟ್ಟಿ ನೋಡಿದ್ದೇನೆ ಅಂತ ಇಲ್ಲ.

ಜ್ವರದ ಮಾತು ಬಿಡಿ. ಕೋಳಿಯ ಮೈ ಯಾವಾಗಲೂ 41 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ನಮ್ಮ ಅಂಗೈಗೆ ಗಟ್ಟಿಮುಟ್ಟಾದ ಕೋಳಿಯೂ ಬಿಸಿಯೇ. ಆ ಬಿಸಿ ನೋಡಿ ಮನುಷ್ಯರ ಜ್ವರದ ಮಾತ್ರೆ ಅರೆದು ಕುಡಿಸಿದವರಿದ್ದಾರೆ. ದಯವಿಟ್ಟು ಬೇಡ.

ಹಸಿರು ಹಿಕ್ಕೆಯೂ ಒಂದೇ ಅರ್ಥ ಕೊಡುವುದಿಲ್ಲ. ಮೇವು ಬಿಟ್ಟ ಕೋಳಿಯ ಹೊಟ್ಟೆಯಿಂದ ಪಿತ್ತರಸ ಮಾತ್ರ ಬರುತ್ತದೆ, ಹಿಕ್ಕೆ ಹಸಿರಾಗುತ್ತದೆ. ಅದರ ಜೊತೆ ಉಸಿರು ಗೊರಗೊರ ಅಂದರೆ, ಕತ್ತು ತಿರುಚಿಕೊಂಡರೆ, ಇನ್ನೆರಡು ಕೋಳಿ ಹಾಗೇ ಆದರೆ ಕೊಕ್ಕರೆ ರೋಗದ (ರಾಣಿಖೇತ್ ಅಂತಲೂ ಅನ್ನುತ್ತಾರೆ) ಅನುಮಾನ ಪಡಬೇಕು. ಅದು ವೈರಸ್‌ನಿಂದ ಬರುವುದು. ನೀವು ಕೇಳುತ್ತಿರುವ ಆಂಟಿಬಯೋಟಿಕ್‌ಗೆ ವೈರಸ್ ಸಾಯುವುದಿಲ್ಲ. ಮೊದಲೇ ಲಸಿಕೆ ಹಾಕಿಸುವುದೊಂದೇ ದಾರಿ.

ಈಗ ಆ ಹೇಂಟೆಯನ್ನು ಬೇರೆ ಮಾಡಿ. ಕೋಳಿ ತನ್ನ ನೋವನ್ನು ಆದಷ್ಟು ಮುಚ್ಚಿಡುತ್ತದೆ. ಸೋತಿದ್ದು ಗೊತ್ತಾದರೆ ಉಳಿದವು ಕುಕ್ಕುತ್ತವೆ. ಹಾಗಾಗಿ ನಿಮಗೆ ಮೂರು ದಿನ ಅನಿಸಿದ್ದು ಅದಕ್ಕೆ ಇನ್ನೂ ಜಾಸ್ತಿ ದಿನವಾಗಿರಬಹುದು. ಬೆಚ್ಚಗಿನ ರಟ್ಟಿನ ಪೆಟ್ಟಿಗೆ ಸಾಕು. ಕೆಳಗೆ ಹಳೇ ಬಿಳಿ ಬಟ್ಟೆ ಹಾಸಿ, ಹಿಕ್ಕೆ ಸರಿಯಾಗಿ ಕಾಣಲಿ ಅಂತ. ಕಂದು ಹಿಕ್ಕೆಯ ಮೇಲೆ ಬಿಳಿ ಟೊಪ್ಪಿ ಇದ್ದರೆ ಸರಿ. ದಿನಕ್ಕೆ ಒಂದೆರಡು ಸಲ ಅಂಟಂಟಾಗಿ, ನಾತ ಹೊಡೆಯುವ ಹಿಕ್ಕೆ ಬಂದರೂ ಸರಿಯೇ, ಅದನ್ನು ಭೇದಿ ಅಂದುಕೊಳ್ಳಬೇಡಿ. ರಕ್ತ ಕಂಡರೆ ಮಾತ್ರ ಕಾಯಬೇಡಿ.

ರಾತ್ರಿ ಮೇವು ನೀರು ತೆಗೆದಿಡಿ. ಬೆಳಕು ಹರಿದ ಕೂಡಲೇ, ಏನೂ ಕೊಡುವ ಮೊದಲು, ಕತ್ತಿನ ಬುಡದಲ್ಲಿ ಎದೆಯ ಬಲಗಡೆ ಬೆರಳಾಡಿಸಿ. ಅದು ಮೇವಿನ ಚೀಲ. ಸಂಜೆ ಚೆಂಡಿನಂತೆ ತುಂಬಿರುತ್ತದೆ, ಬೆಳಗ್ಗೆ ಖಾಲಿಯಾಗಿ ಜೋತಿರಬೇಕು. ಆಗಲೂ ಗಟ್ಟಿ ಉಂಡೆ ಸಿಕ್ಕರೆ ಹುಲ್ಲೋ ದಾರವೋ ಕಟ್ಟಿಕೊಂಡಿದೆ. ನೀರು ತುಂಬಿದ ಬಲೂನಿನ ಹಾಗೆ ಮೆತ್ತಗಿದ್ದು ಬಾಯಿ ಹುಳಿ ವಾಸನೆ ಹೊಡೆದರೆ ಒಳಗೆ ಹುದುಗು ಬಂದಿದೆ. ಕಾಲು ಹಿಡಿದು ತಲೆಕೆಳಗೆ ಮಾಡಿ ಹಿಂಡಿ ಕಕ್ಕಿಸಿ ಅಂತ ಹೇಳಿಕೊಡುವವರಿದ್ದಾರೆ. ಹಾಗೆ ಮಾಡಿ ಶ್ವಾಸಕ್ಕೆ ನೀರು ಹೋಗಿ ಅಲ್ಲೇ ಸತ್ತ ಕೋಳಿಗಳನ್ನು ನಾನು ನೋಡಿದ್ದೇನೆ.

ಆಮೇಲೆ ಹೊಟ್ಟೆ. ಬಾಲದ ಕೆಳಗೆ ಎರಡು ತೆಳ್ಳಗಿನ ಎಲುಬಿನ ತುದಿ ಸಿಗುತ್ತವೆ. ಮೊಟ್ಟೆ ಇಡುವ ಹೇಂಟೆಯಲ್ಲಿ ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತವೆ. ಒಂದೇ ಬೆರಳು ಹಿಡಿಸಿದರೆ ಅದು ಮೊಟ್ಟೆ ಬಿಟ್ಟು ಬಹಳ ದಿನವಾಗಿದೆ. ನಡುವೆ ಗಟ್ಟಿ ಮೊಟ್ಟೆ ಸಿಕ್ಕಿ, ಕೋಳಿ ಬಾಲ ಮೇಲೆ ಕೆಳಗೆ ಆಡಿಸುತ್ತಾ ತಿಣುಕುತ್ತಿದ್ದರೆ ಮೊಟ್ಟೆ ಅಡ್ಡಗಟ್ಟಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಹೊಟ್ಟೆ ಮುಳುಗುವಂತೆ ಹದಿನೈದು ಇಪ್ಪತ್ತು ನಿಮಿಷ ಕೂರಿಸಿ. ಒರೆಸಿ, ಕತ್ತಲ ಕೋಣೆಯಲ್ಲಿ ಬಿಡಿ. ಒಂದೆರಡು ತಾಸಿನಲ್ಲಿ ಬರದಿದ್ದರೆ ವೈದ್ಯರ ಹತ್ತಿರ ಹೋಗಿ. ಒಳಗೇ ಒಡೆಯಲು ಹೋಗಬೇಡಿ. ಚಿಪ್ಪಿನ ಚೂರು ಒಳಗೆಲ್ಲ ಕೊಯ್ದುಬಿಡುತ್ತದೆ.

ನಿಮ್ಮ ಹೇಂಟೆಗೆ ಅದೇ ಆಗಿದೆ ಅಂತ ನನಗನಿಸುವುದಿಲ್ಲ. ಪೂರ್ತಿ ಅಡ್ಡಗಟ್ಟಿದ ಕೋಳಿ ಸಾಮಾನ್ಯವಾಗಿ ಎರಡು ದಿನ ದಾಟುವುದು ಕಷ್ಟ. ಎರಡು ವರ್ಷ, ಮೂರು ದಿನ, ಮೊಟ್ಟೆ ಇಲ್ಲ, ಹಿಕ್ಕೆ ಹಸಿರು ಅಂದರೆ ನನ್ನ ಮೊದಲ ಅನುಮಾನ ಹೊಟ್ಟೆಯೊಳಗಿನ ಸೋಂಕು. ಹಳದಿ ಲೋಳೆ ಮೊಟ್ಟೆಯ ನಾಳಕ್ಕೆ ಇಳಿಯದೆ ಹೊಟ್ಟೆಯೊಳಗೇ ಬಿದ್ದು ಕೆಡುತ್ತದೆ. ಎದೆಯೆಲುಬು ಚೂರಿಯ ಹಾಗೆ ಚೂಪಾಗಿ ಸಿಗುತ್ತದೆ, ಹೊಟ್ಟೆ ಮಾತ್ರ ದಪ್ಪಗೆ ಜೋತಿರುತ್ತದೆ. ಹಾಗಿದ್ದರೆ ಇವತ್ತೇ ಪಶುವೈದ್ಯರಿಗೆ ತೋರಿಸಿ. ಕೆಲವು ಉಳಿಯುತ್ತವೆ, ಬಹಳಷ್ಟು ಉಳಿಯುವುದಿಲ್ಲ. ಸುಳ್ಳು ಧೈರ್ಯ ಹೇಳಲಾರೆ.

ಹೊಟ್ಟೆಯೂ ಸರಿ, ಚೀಲವೂ ಸರಿ, ಆದರೆ ಜುಟ್ಟು ಬಿಳಿಚಿದೆ ಅಂದರೆ ರಾತ್ರಿ ಗೂಡಿಗೆ ಹೋಗಿ. ಇದನ್ನು ನಾನು ಒಂದು ಹೇಂಟೆಯನ್ನು ಕಳೆದುಕೊಂಡು ಕಲಿತೆ. ಹೊಸದಾಗಿ ಕೆಲಸಕ್ಕೆ ಸೇರಿದ ದಿನಗಳು. ಒಬ್ಬರು ಹಗಲಲ್ಲಿ ಆ ಹೇಂಟೆಯನ್ನು ತಂದು ತೋರಿಸಿದರು. ಮೈಮೇಲೆ ಏನೂ ಕಾಣಲಿಲ್ಲ. ಜಂತುಹುಳು ಇರಬೇಕು ಅಂತ ಔಷಧಿ ಕೊಟ್ಟು ಕಳಿಸಿದೆ. ಮೂರನೇ ದಿನ ಸತ್ತಿತು. ಮನಸ್ಸು ತಡೆಯದೆ ಆ ರಾತ್ರಿ ಟಾರ್ಚ್ ಹಿಡಿದು ಅವರ ಗೂಡಿಗೆ ಹೋದೆ. ಕೋಳಿಗಳು ಕೂರುವ ಗಳದ ಅಡಿಗೆ ಬಿಳಿ ಬಟ್ಟೆ ಸವರಿದೆ. ಬಟ್ಟೆ ತೆಗೆದಾಗ ಅದರ ಮೇಲೆ ಉದ್ದಕ್ಕೆ ರಕ್ತದ ಗೀರುಗಳು. ಗಳ ಗೋಡೆಗೆ ಸೇರುವ ಸಂದಿನಲ್ಲಿ ಸಾಸಿವೆಗಿಂತ ಚಿಕ್ಕ ಕೆಂಪು ನುಸಿಗಳು ಗುಪ್ಪೆಗುಪ್ಪೆಯಾಗಿದ್ದವು. ಹಗಲೆಲ್ಲ ಸಂದಿಯಲ್ಲಿ ಅಡಗಿ, ರಾತ್ರಿ ಬಂದು ರಕ್ತ ಹೀರುವ ನುಸಿ ಅದು. ಅಂಥ ಕಡೆ ಕೋಳಿಗೆ ಮಾತ್ರೆ ನುಂಗಿಸಿ ಉಪಯೋಗವಿಲ್ಲ. ಹಾಸು ತೆಗೆದು ಸುಡಿ, ಪ್ರತಿ ಸಂದಿಯನ್ನೂ ಕುದಿಯುವ ನೀರಿನಲ್ಲಿ ತೊಳೆಯಿರಿ, ವೈದ್ಯರು ಹೇಳಿದ ನುಸಿಯ ಔಷಧಿ ಹೊಡೆಯಿರಿ. ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಿ, ಅಷ್ಟರಲ್ಲಿ ನುಸಿಯ ಮೊಟ್ಟೆಗಳು ಒಡೆದು ಮರಿ ಬಂದಿರುತ್ತವೆ.

ಇನ್ನು ನಾಲಿಗೆ ಸುಲಿಯುವವರ ವಿಷಯ. ಕಾಯಿಲೆ ಕೋಳಿಯ ನಾಲಿಗೆ ತುದಿಯ ಗಟ್ಟಿ ಸಿಪ್ಪೆಯನ್ನು ಉಗುರಿನಲ್ಲಿ ಕಿತ್ತು, ರೋಗ ಹೋಯಿತು ಅನ್ನುತ್ತಾರೆ. ಕೋಳಿಯ ನಾಲಿಗೆ ತುದಿ ಹುಟ್ಟಿನಿಂದಲೇ ಗಟ್ಟಿ. ಬಾಯಿ ತೆರೆದು ಉಸಿರಾಡಿದಾಗ ಇನ್ನಷ್ಟು ಒಣಗುತ್ತದೆ. ಅದನ್ನು ಕಿತ್ತರೆ, ಮೊದಲೇ ಮೇವು ಬಿಟ್ಟ ಕೋಳಿ ರಕ್ತ ಸುರಿಸುತ್ತಾ ಉಪವಾಸ ಸಾಯುತ್ತದೆ. ಇದು ಚಿಕಿತ್ಸೆ ಅಲ್ಲ, ಹಿಂಸೆ. ಕೊಕ್ಕು ತೆರೆದು ಎಣ್ಣೆ, ಕಷಾಯ ಸುರಿಯುವುದೂ ಅಷ್ಟೇ ಕೆಟ್ಟದ್ದು. ಒಮ್ಮೆ ಕೊಕ್ಕು ಬಿಡಿಸಿ ಒಳಗೆ ನೋಡಿ. ನಾಲಿಗೆಯ ಹಿಂದೆಯೇ ಒಂದು ಸೀಳು ತೆರೆದು ಮುಚ್ಚುತ್ತಿರುತ್ತದೆ. ಅದು ಉಸಿರಿನ ಕೊಳವೆಯ ಬಾಯಿ. ನೀವು ಸುರಿದದ್ದು ನೇರ ಅಲ್ಲಿಗೇ ಹೋಗುತ್ತದೆ. ನೀರು ಕುಡಿಸಲೇಬೇಕಾದರೆ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಇಡಿ, ಅದೇ ನುಂಗಿಕೊಳ್ಳುತ್ತದೆ.

ವೈದ್ಯರು ನೋಡಿ ಆಂಟಿಬಯೋಟಿಕ್ ಬರೆದುಕೊಟ್ಟರೆ ಕೊಡಿ. ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಆಗಲೇ ಕೇಳಿಕೊಳ್ಳಿ. ಔಷಧಿ ಮೊಟ್ಟೆಗೂ ಇಳಿಯುತ್ತದೆ. ಆ ಮೊಟ್ಟೆ ತಿನ್ನುವುದು ನಿಮ್ಮ ಮಕ್ಕಳು ಅಲ್ವಾ?

ಪ್ರಶ್ನೆ: ಮೊಟ್ಟೆಯ ಚಿಪ್ಪು ಮೆತ್ತಗೆ ಬರುತ್ತಿದೆ.

ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಬರೀ ಕಾಳಿನಲ್ಲಿ ಅಷ್ಟು ಇರುವುದಿಲ್ಲ. ಲೇಯರ್ ಫೀಡ್, ಅಂದರೆ ಮೊಟ್ಟೆ ಇಡುವ ಕೋಳಿಗಳಿಗೆಂದೇ ಮಾಡಿದ ಮೇವು, ಹಾಕಿ, ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ ಇಡಿ.

ಪ್ರಶ್ನೆ: ಗರಿ ಉದುರಿ ಮೊಟ್ಟೆ ನಿಲ್ಲಿಸಿದೆ, ಆದರೆ ಚೆನ್ನಾಗಿ ತಿನ್ನುತ್ತಿದೆ. ಟಾನಿಕ್ ಕೊಡಲಾ?

ಬೇಡ. ಹೊಸ ಗರಿ ಬರುತ್ತದೆ, ಎರಡು ಮೂರು ತಿಂಗಳು ಸುಮ್ನೆ ಬಿಡಿ.

ಪ್ರಶ್ನೆ: ನಿನ್ನೆ ಚೆನ್ನಾಗಿದ್ದ ಮೂರು ಕೋಳಿ ಬೆಳಗ್ಗೆ ಸತ್ತಿದ್ದವು, ಜುಟ್ಟು ನೀಲಿಯಾಗಿತ್ತು. ಉಳಿದವಕ್ಕೆ ಏನು ಕೊಡಲಿ?

ಏನೂ ಕೊಡಬೇಡಿ. ಹಕ್ಕಿಜ್ವರವೂ ಇರಬಹುದು. ಸತ್ತಿದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಉಳಿದವನ್ನು ಕೊಯ್ಯಬೇಡಿ, ಮಾರಬೇಡಿ, ಗೂಡಿನಿಂದ ಹೊರಗೆ ಬಿಡಬೇಡಿ. ಮಕ್ಕಳನ್ನು ದೂರ ಇಡಿ. ಇದನ್ನು ಓದಿದ ತಕ್ಷಣ ಹತ್ತಿರದ ಸರ್ಕಾರಿ ಪಶುವೈದ್ಯರಿಗೆ ತಿಳಿಸಿ.