ಅಡಮಾನದ ದಾವೆಯಲ್ಲಿ ಪ್ರಾಥಮಿಕ ಡಿಕ್ರಿ (ಕೋರ್ಟಿನ ಮೊದಲ ಹಂತದ ತೀರ್ಮಾನ) ಆಗಿದೆ. ಅಂತಿಮ ಡಿಕ್ರಿ ಬಂದ ಮೇಲೆ ಅಪೀಲು ಹಾಕಿದರೆ ಸಾಕಾ?

ಸಾಲದು. ಎರಡಕ್ಕೂ ಸೇರಿಸಿ ಒಂದೇ ಅಪೀಲು ಹಾಕಿದರೆ ಖರ್ಚು ಉಳಿಯುತ್ತದೆ ಎಂದು ಪ್ರಶ್ನೆಯ ಜೊತೆ ಬರೆದಿದ್ದೀರಿ. ನಮ್ಮ ಅಪ್ಪ ಹಾಕಿದ್ದೂ ಇದೇ ಲೆಕ್ಕ.

ಅಪ್ಪ ಜಮೀನು ಅಡಮಾನ ಇಟ್ಟು ಊರಿನ ಸಾಹುಕಾರರೊಬ್ಬರಿಂದ ಸಾಲ ತಂದಿದ್ದರು. ಪ್ರತಿ ಸುಗ್ಗಿ ಆದ ಮೇಲೆ ಕೈಯಲ್ಲಿ ದುಡ್ಡು ಕೊಟ್ಟು ಬರುತ್ತಿದ್ದರು. ರಸೀದಿ ಇಲ್ಲ. ಇದ್ದದ್ದು ನೀಲಿ ರಟ್ಟಿನ ಒಂದು ನೋಟ್‌ಬುಕ್. ಎಡಗಡೆ ತಾರೀಖು, ಮಧ್ಯೆ ಮೊತ್ತ, ಅಂಚಿನಲ್ಲಿ ಸಾಹುಕಾರರ ಚಿಕ್ಕ ರುಜು. ದಾವೆಯಲ್ಲಿ ಅವರು ಆ ರುಜು ನನ್ನದಲ್ಲ ಎಂದರು. ರುಜು ಸಾಬೀತಾಗಿಲ್ಲ ಎಂದು ಕೋರ್ಟು ನೋಟ್‌ಬುಕ್ ಪಕ್ಕಕ್ಕಿಟ್ಟಿತು. ಪೂರ್ತಿ ಅಸಲು, ಬಡ್ಡಿ ಸೇರಿಸಿ ಪ್ರಾಥಮಿಕ ಡಿಕ್ರಿ ಮಾಡಿ, ದುಡ್ಡು ಕಟ್ಟಲು ಗಡುವು ಕೊಟ್ಟಿತು.

‘ಇದು ಇನ್ನೂ ಪ್ರಾಥಮಿಕ ಅಲ್ವಾ, ಅಂತಿಮ ಆಗಲಿ’ ಎಂದು ಅಪ್ಪ ಸುಮ್ನೆ ಕೂತರು. ನಮ್ಮನ್ನು ಮುಳುಗಿಸಿದ್ದು ಇದೊಂದೇ. ಸಾಲ ಎಷ್ಟು, ಬಡ್ಡಿ ಎಷ್ಟು, ಅಡಮಾನ ನಿಜವೇ ಎಂಬುದೆಲ್ಲ ತೀರ್ಮಾನ ಆಗುವುದು ಪ್ರಾಥಮಿಕ ಡಿಕ್ರಿಯಲ್ಲೇ. ಗಡುವಿನೊಳಗೆ ಕಟ್ಟದಿದ್ದರೆ ಜಮೀನು ಹರಾಜು ಮಾಡಿ ಎನ್ನುವುದಷ್ಟೇ ಅಂತಿಮ ಡಿಕ್ರಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 97 ಏನು ಹೇಳುತ್ತದೆ ಗೊತ್ತಾ? ಪ್ರಾಥಮಿಕ ಡಿಕ್ರಿಯ ಮೇಲೆ ಅಪೀಲು ಹಾಕದವನು, ಅಂತಿಮ ಡಿಕ್ರಿಯ ಅಪೀಲಿನಲ್ಲಿ ಅದು ತಪ್ಪು ಎಂದು ವಾದಿಸುವಂತಿಲ್ಲ. ನಾವು ಅಂತಿಮ ಡಿಕ್ರಿ ಬಂದ ಮೇಲೆ ಹೋದೆವು. ಅಪೀಲು ಕೋರ್ಟಿನಲ್ಲಿ ಆ ನೋಟ್‌ಬುಕ್ ಯಾರೂ ತೆರೆದೇ ನೋಡಲಿಲ್ಲ. ನೋಡಲು ಕಾನೂನಿನಲ್ಲಿ ದಾರಿಯೇ ಉಳಿದಿರಲಿಲ್ಲ. ವಿಳಂಬ ಮನ್ನಿಸಿ ಎಂದು ಪ್ರಾಥಮಿಕ ಡಿಕ್ರಿಯ ಮೇಲೂ ಅಪೀಲು ಹಾಕಿದೆವು. ಕಾನೂನು ಗೊತ್ತಿರಲಿಲ್ಲ ಎಂಬ ಕಾರಣ ನಡೆಯಲಿಲ್ಲ.

ಅಂತಿಮ ಡಿಕ್ರಿ ಆದರೂ ಹರಾಜು ಖಾಯಂ ಆಗುವ ಮೊದಲು ದುಡ್ಡು ಕಟ್ಟಿ ಜಮೀನು ಬಿಡಿಸಿಕೊಳ್ಳಬಹುದು. ಅಮ್ಮನ ಬಂಗಾರ ಮಾರಿ, ಚಿಕ್ಕಪ್ಪನ ಹತ್ತಿರ ಕೈಗಡ ತಂದು ಹಾಗೇ ಬಿಡಿಸಿಕೊಂಡೆವು. ಒಮ್ಮೆ ತೀರಿಸಿದ ಸಾಲವನ್ನೇ ಮತ್ತೆ ತೀರಿಸಿದ್ದು ಅದು. ಅಪ್ಪನಿಗೆ ಆ ಸಂಕಟ ಇವತ್ತಿಗೂ ಹೋಗಿಲ್ಲ.

ಅಪೀಲು ಹಾಕಿದರೆ ಹರಾಜು ತಾನಾಗೇ ನಿಲ್ಲುತ್ತದೆ ಎಂದೂ ಬರೆದಿದ್ದೀರಿ. ನಿಲ್ಲುವುದಿಲ್ಲ. ತಡೆಯಾಜ್ಞೆ ಬೇರೆಯಾಗಿ ಕೇಳಬೇಕು, ಕೋರ್ಟು ಅದಕ್ಕೆ ಭದ್ರತೆ (ಜಾಮೀನು) ಕೇಳುತ್ತದೆ. ನೀವು ಒಪ್ಪುವ ಬಾಕಿ ಎಷ್ಟಿದೆಯೋ ಅಷ್ಟನ್ನು ಮೊದಲೇ ಕೋರ್ಟಿಗೆ ಕಟ್ಟಿ, ಉಳಿದದ್ದಕ್ಕೆ ಜಗಳ ಆಡಿ ಎನ್ನುತ್ತೇನೆ ನಾನು. ಸಾಲ ಪೂರ್ತಿ ನಿಜವಾಗಿದ್ದು, ಬರೀ ದಿನ ತಳ್ಳಲು ಅಪೀಲು ಹಾಕುವುದಾದರೆ ಬೇಡವೇ ಬೇಡ. ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಈಗಲೇ ಅಪೀಲು ಹಾಕಿದರೆ ಇನ್ನೊಂದು ಅನುಕೂಲ ಇದೆ. ಆ ಅಪೀಲು ಇತ್ಯರ್ಥವಾಗುವ ಮೊದಲೇ ಅಂತಿಮ ಡಿಕ್ರಿ ಆದರೂ ಹೆದರಬೇಕಿಲ್ಲ. ಪ್ರಾಥಮಿಕ ಡಿಕ್ರಿ ರದ್ದಾದರೆ ಅಂತಿಮ ಡಿಕ್ರಿಯೂ ಅದರ ಜೊತೆಗೇ ಬಿದ್ದುಹೋಗುತ್ತದೆ.

ತೀರ್ಪು ಬಂದು ಹದಿನೆಂಟು ದಿನ ಆಯಿತು ಎಂದಿದ್ದೀರಿ. ಜಿಲ್ಲಾ ಕೋರ್ಟಿಗೆ ಅಪೀಲಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ಯಾವ ಕೋರ್ಟು ಎನ್ನುವುದು ದಾವೆಯ ಮೌಲ್ಯದ ಮೇಲೆ ಹೋಗುತ್ತದೆ, ವಕೀಲರನ್ನು ಕೇಳಿ. ತೀರ್ಪಿನ ದೃಢೀಕೃತ ನಕಲು ಸಿಗಲು ಹಿಡಿಯುವ ದಿನಗಳನ್ನು ಈ ಲೆಕ್ಕದಿಂದ ಬಿಡುತ್ತಾರೆ, ಆದರೆ ಅವಧಿಯೊಳಗೆ ಅರ್ಜಿ ಹಾಕಿದ್ದರೆ ಮಾತ್ರ. ನಕಲಿಗೆ ಅರ್ಜಿ ಹಾಕಿದ ವಿಷಯ ನೀವು ಎಲ್ಲೂ ಬರೆದಿಲ್ಲ. ಹಾಕಿಲ್ಲದಿದ್ದರೆ ನಾಳೆ ಬೆಳಿಗ್ಗೆಯೇ ಕೋರ್ಟಿಗೆ ಹೋಗಿ ತೀರ್ಪು, ಡಿಕ್ರಿ ಎರಡರ ನಕಲಿಗೂ ಅರ್ಜಿ ಕೊಡಿ.